ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ವಕೀಲಿ ವೃತ್ತಿ (ಕರ್ನಾಟಕ)

ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ವಕೀಲಿ ವೃತ್ತಿಯು ವಸತಿ ಸಮುಚ್ಚಯ ಹಾಗೂ ಬಡಾವಣೆಗಳ ಮನೆ ಮಾಲೀಕರು ರಚಿಸಿಕೊಳ್ಳುವ ಸಂಘಗಳ ನೋಂದಣಿ, ಆಡಳಿತ, ಆಸ್ತಿ ಮತ್ತು ವ್ಯಾಜ್ಯಗಳಿಗೆ ಸಂಬಂಧಿಸಿದ ಕಾನೂನು ವೃತ್ತಿಯ ಒಂದು ಶಾಖೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಸ್ವತಂತ್ರ ಶಾಖೆಯಾಗಿ ಬೆಳೆದಿದೆ. ಕರ್ನಾಟಕದಲ್ಲಿ ಇದಕ್ಕೆ ಪ್ರತ್ಯೇಕ ಪದವಿಯಾಗಲಿ ಅಧಿಕೃತ ಮನ್ನಣೆಯಾಗಲಿ ಇಲ್ಲ. ಸ್ಥಿರಾಸ್ತಿ, ಸಹಕಾರ, ಗ್ರಾಹಕ ರಕ್ಷಣೆ ಮತ್ತು ನಗರ ಯೋಜನೆಯ ಕಾನೂನುಗಳನ್ನು ಒಟ್ಟಿಗೆ ಬಲ್ಲ ವಕೀಲರು ಅನುಭವದಿಂದ ಈ ಕ್ಷೇತ್ರಕ್ಕೆ ಬರುತ್ತಾರೆ. ಸಂಘವು ಯಾವ ಅಧಿನಿಯಮದ ಅಡಿಯಲ್ಲಿ ನಿಂತಿದೆ ಎಂಬುದೇ ರಾಜ್ಯದಲ್ಲಿ ಈ ವೃತ್ತಿಯ ಕೇಂದ್ರ ಪ್ರಶ್ನೆಯಾಗಿದೆ. ಭೂಮಿಯ ಒಡೆತನ, ಬಾಕಿ ವಸೂಲಿ, ದೂರು ಸಲ್ಲಿಸುವ ಹಕ್ಕು ಇವೆಲ್ಲ ಅದನ್ನು ಅವಲಂಬಿಸಿವೆ.

ಹಿನ್ನೆಲೆ

ಒಂದೇ ನೆಲದ ಮೇಲೆ ಹಲವು ಮಹಡಿಗಳು, ಮಹಡಿಗೊಬ್ಬ ಒಡೆಯ ಎಂಬ ಕಲ್ಪನೆಗೆ ಅಮೆರಿಕದ ಆಡಳಿತದಲ್ಲಿರುವ ಪೋರ್ಟೊರಿಕೊ ೧೯೫೮ರಲ್ಲಿ ಶಾಸನದ ರೂಪ ಕೊಟ್ಟಿತು. ಭಾರತದಲ್ಲಿ ಮಹಾರಾಷ್ಟ್ರವು ೧೯೭೦ರಲ್ಲಿ ಇಂತಹ ಅಧಿನಿಯಮವನ್ನು ರೂಪಿಸಿತು. ಅದರ ಹಿಂದೆಯೇ ಕರ್ನಾಟಕದಲ್ಲಿ ಎರಡು ಶಾಸನಗಳು ಬಂದವು: ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, ೧೯೭೨ ಮತ್ತು ನಿರ್ಮಾಪಕರ ಹೊಣೆಗಾರಿಕೆಯನ್ನು ಕುರಿತ ಕರ್ನಾಟಕ ಮಾಲೀಕತ್ವದ ಫ್ಲ್ಯಾಟುಗಳ ಅಧಿನಿಯಮ, ೧೯೭೨. ಬಹುಮಹಡಿ ಮನೆಗಳು ವಿರಳವಾಗಿದ್ದ ಕಾಲದ ಈ ಶಾಸನಗಳೇ ಇಂದಿಗೂ ಸಾವಿರಾರು ಮನೆಗಳ ಸಮುಚ್ಚಯಗಳಿಗೆ ಆಧಾರವಾಗಿವೆ.

ಅರ್ಹತೆ ಮತ್ತು ಪ್ರವೇಶ

ಮೂರು ಅಥವಾ ಐದು ವರ್ಷಗಳ ಕಾನೂನು ಪದವಿ, ವಕೀಲರ ಅಧಿನಿಯಮ, ೧೯೬೧ರ ಅಡಿಯಲ್ಲಿ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮತ್ತು ಅಖಿಲ ಭಾರತ ವಕೀಲರ ಪರೀಕ್ಷೆ ಇವು ಎಲ್ಲ ವಕೀಲರಿಗೂ ಇರುವ ನಿಯಮಗಳು. ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು ೨೦೦೯ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ವಕೀಲರು ಜಾಹೀರಾತು ನೀಡುವಂತಿಲ್ಲವಾದ್ದರಿಂದ ಈ ಕ್ಷೇತ್ರದಲ್ಲಿ ಹೆಸರು ಹರಡುವುದು ಒಂದು ಸಂಘದ ಪದಾಧಿಕಾರಿಗಳಿಂದ ಇನ್ನೊಂದು ಸಂಘದವರಿಗೆ, ಬಾಯಿಂದ ಬಾಯಿಗೆ. ರೇರಾ ಪ್ರಾಧಿಕಾರದ ಮುಂದೆ ಲೆಕ್ಕಪರಿಶೋಧಕರು ಮತ್ತು ಕಂಪನಿ ಕಾರ್ಯದರ್ಶಿಗಳೂ ಕಕ್ಷಿದಾರರ ಪರ ಹಾಜರಾಗಬಹುದಾಗಿದ್ದು, ಅಲ್ಲಿ ವಕೀಲರಿಗೆ ಏಕಸ್ವಾಮ್ಯವಿಲ್ಲ.

ನೋಂದಣಿಯ ಪ್ರಶ್ನೆ

೧೯೭೨ರ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮವು ತಾನಾಗಿಯೇ ಯಾವ ಕಟ್ಟಡಕ್ಕೂ ಅನ್ವಯವಾಗುವುದಿಲ್ಲ. ಆಸ್ತಿಯ ಏಕೈಕ ಮಾಲೀಕ ಅಥವಾ ಎಲ್ಲ ಮಾಲೀಕರು ಅದನ್ನು ಅಧಿನಿಯಮಕ್ಕೆ ಒಳಪಡಿಸುವ ಘೋಷಣಾ ಪತ್ರವನ್ನು ಬರೆದು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಬೇಕು. ಭೂಮಿಯ ವಿವರ, ಪ್ರತಿ ಮನೆಗೆ ಸೇರುವ ಅವಿಭಜಿತ ಹಕ್ಕಿನ ಶೇಕಡಾವಾರು ಪ್ರಮಾಣ ಮತ್ತು ಸಂಘದ ಉಪವಿಧಿಗಳು ಈ ದಾಖಲೆಯಲ್ಲಿ ಸೇರುತ್ತವೆ. ಒಮ್ಮೆ ನಿಗದಿಯಾದ ಪ್ರಮಾಣವನ್ನು ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ಬದಲಾಯಿಸಲಾಗದು. ಮುನ್ನೂರು ಮನೆಗಳಲ್ಲಿ ಒಬ್ಬರು ವಿದೇಶದಲ್ಲಿದ್ದರೂ ತಿದ್ದುಪಡಿ ನಿಂತುಹೋಗುವುದರಿಂದ ಈ ಪತ್ರದ ಕರಡನ್ನು ಮೊದಲ ಸಲವೇ ಸರಿಯಾಗಿ ಬರೆಯುವುದು ವಕೀಲರ ಮುಖ್ಯ ಕೆಲಸ.

ಪ್ರಾಯೋಗಿಕವಾಗಿ ಅನೇಕ ಸಂಘಗಳು ಸುಲಭವೆಂಬ ಕಾರಣಕ್ಕೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, ೧೯೬೦ರ ಅಡಿಯಲ್ಲಿ ನೋಂದಣಿ ಮಾಡಿಸಿಕೊಂಡಿವೆ. ಆದರೆ ಅದು ಮೂಲತಃ ದಾನಧರ್ಮ, ಶಿಕ್ಷಣ, ಸಾಹಿತ್ಯ, ಕ್ರೀಡೆ ಮೊದಲಾದ ಉದ್ದೇಶಗಳ ಸಂಘಗಳಿಗೆ ರೂಪುಗೊಂಡ ಶಾಸನ. ಸಾಮಾನ್ಯ ಆಸ್ತಿಯ ಒಡೆತನ ಮತ್ತು ನಿರ್ವಹಣೆಗೆ ಅದರಲ್ಲಿ ತಕ್ಕ ಏರ್ಪಾಡಿಲ್ಲ. ಇನ್ನು ಕೆಲವು ಸಂಘಗಳು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, ೧೯೫೯ರ ಅಡಿಯಲ್ಲಿವೆ. ಕೇವಲ ವಸತಿ ಮನೆಗಳಿರುವ ಸಮುಚ್ಚಯಕ್ಕೆ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮವೇ ಸೂಕ್ತವೆಂಬ ನಿಲುವು ಕರ್ನಾಟಕ ಹೈಕೋರ್ಟಿನ ಇತ್ತೀಚಿನ ತೀರ್ಪುಗಳಲ್ಲಿ ಕಾಣುತ್ತದೆ.

ನೋಂದಣಿಯ ಪರಿಣಾಮ ಎಷ್ಟು ದೂರ ಹೋಗಬಹುದೆಂಬುದಕ್ಕೆ ಬೆಂಗಳೂರಿನ ಶೋಭಾ ಹೈಬಿಸ್ಕಸ್ ಕಾಂಡೊಮಿನಿಯಂ ಪ್ರಕರಣ ಪ್ರಸಿದ್ಧ ಉದಾಹರಣೆ. ೧೯೭೨ರ ಅಧಿನಿಯಮದ ಅಡಿಯಲ್ಲಿ ರಚನೆಯಾದ ಈ ಸಂಘವು ನಿರ್ಮಾಪಕರ ವಿರುದ್ಧ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ದೂರು ನೀಡಿತ್ತು. ಶಾಸನದ ಅಗತ್ಯದಿಂದ ಹುಟ್ಟಿದ ಸಂಘವು ‘ಸ್ವಯಂಪ್ರೇರಿತ ಗ್ರಾಹಕ ಸಂಘ’ವಾಗದು, ಆದ್ದರಿಂದ ದೂರು ಸಲ್ಲಿಸುವ ಅಧಿಕಾರ ಅದಕ್ಕಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಫೆಬ್ರುವರಿಯಲ್ಲಿ ತೀರ್ಪು ನೀಡಿತು. ಸರಿಯಾದ ಕಾಯಿದೆಯಡಿ ರಚನೆಯಾದುದೇ ಸಂಘಕ್ಕೆ ಇಲ್ಲಿ ತೊಡಕಾಯಿತು. ಅಂದಿನಿಂದ ಇಂತಹ ದೂರುಗಳನ್ನು ಸಂಘದ ಹೆಸರಿನ ಬದಲು ಒಂದೇ ಹಿತಾಸಕ್ತಿಯುಳ್ಳ ನಿವಾಸಿಗಳ ಗುಂಪಿನ ಹೆಸರಿನಲ್ಲಿ ಸಲ್ಲಿಸುವ ದಾರಿಗೆ ಮಹತ್ವ ಬಂದಿದೆ.

ಭೂಮಿಯ ಒಡೆತನ

ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, ೨೦೧೬ ಅಥವಾ ರೇರಾ ಬಂದ ಮೇಲೆ ತೊಡಕು ಹೆಚ್ಚಿತು. ಮನೆಯನ್ನು ಖರೀದಿದಾರನಿಗೂ ಸಾಮಾನ್ಯ ಪ್ರದೇಶಗಳ ಅವಿಭಜಿತ ಹಕ್ಕನ್ನು ಮಾಲೀಕರ ಸಂಘಕ್ಕೂ ವರ್ಗಾಯಿಸಬೇಕೆಂದು ಅದರ ೧೭ನೇ ಪ್ರಕರಣ ಹೇಳುತ್ತದೆ. ಸ್ಥಳೀಯ ಕಾನೂನು ಇಲ್ಲದಿದ್ದಲ್ಲಿ ಸ್ವಾಧೀನಾನುಭವ ಪತ್ರ ದೊರೆತ ೩ ತಿಂಗಳೊಳಗೆ ಇದು ಆಗಬೇಕು. ಆದರೆ ೧೯೭೨ರ ಅಧಿನಿಯಮದಲ್ಲಿ ಈ ಹಕ್ಕು ಆಯಾ ಮನೆಯ ಮಾಲೀಕನಿಗೇ ಅಂಟಿಕೊಂಡಿದ್ದು, ಮನೆಯಿಂದ ಬೇರ್ಪಡುವುದಿಲ್ಲ. ಹಕ್ಕನ್ನು ಆಗಲೇ ಕ್ರಯಪತ್ರದಲ್ಲಿ ಮಾಲೀಕರಿಗೆ ಮಾರಿದ್ದರೆ ಸಂಘಕ್ಕೆ ವರ್ಗಾಯಿಸಲು ಉಳಿದಿರುವುದೇನು ಎಂಬುದು ವಾದದ ವಿಷಯ. ಕಟ್ಟಡ ಹಳೆಯದಾಗಿ ಕೆಡವಿ ಕಟ್ಟುವ ಕಾಲಕ್ಕೆ ನೆಲ ಯಾರದೆಂಬುದು ಪ್ರತಿ ಕುಟುಂಬದ ಉಳಿತಾಯದ ಪ್ರಶ್ನೆಯಾಗುತ್ತದೆ.

ದೈನಂದಿನ ಕೆಲಸ

ನ್ಯಾಯಾಲಯದ ಹೊರಗಿನ ಕೆಲಸವೇ ಹೆಚ್ಚು: ಉಪವಿಧಿಗಳ ತಿದ್ದುಪಡಿ, ಸರ್ವಸದಸ್ಯರ ಸಭೆಯ ತಿಳಿವಳಿಕೆ ಪತ್ರ, ಭದ್ರತೆ ಮತ್ತು ಲಿಫ್ಟಿನ ಒಪ್ಪಂದಗಳು, ಬಾಕಿದಾರರಿಗೆ ನೋಟಿಸು. ಈಜುಕೊಳವನ್ನು ತಾನು ಬಳಸುವುದಿಲ್ಲವೆಂದು ಹೇಳಿ ಮಾಲೀಕನು ಸಾಮಾನ್ಯ ವೆಚ್ಚದಿಂದ ತಪ್ಪಿಸಿಕೊಳ್ಳಲು ೧೯೭೨ರ ಅಧಿನಿಯಮ ಬಿಡುವುದಿಲ್ಲ. ಬಾಕಿಯು ಆ ಮನೆಯ ಮೇಲಿನ ಋಣಭಾರವಾಗಿ ನಿಲ್ಲುತ್ತದೆ. ಆದರೂ ವಸೂಲಿಗೆ ಸಂಘವು ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ. ಸಹಕಾರ ಸಂಘವಾದರೆ ೭೦ನೇ ಪ್ರಕರಣದಡಿ ನಿಬಂಧಕರ ಮುಂದೆ ವಿವಾದ ಹೂಡಬಹುದು.

ವಾಹನ ನಿಲುಗಡೆಯ ಜಗಳಗಳಲ್ಲಿ ಮುಂಬೈಯ ಪಾಂಚಾಲಿ ಸಹಕಾರ ಗೃಹನಿರ್ಮಾಣ ಸಂಘದ ಪ್ರಕರಣದ ತೀರ್ಪು (೨೦೧೦) ಹೆಚ್ಚಾಗಿ ಉಲ್ಲೇಖವಾಗುತ್ತದೆ. ಕಂಬಗಳ ಮೇಲಿನ ಕಟ್ಟಡದ ಕೆಳಗಿನ ನಿಲುಗಡೆ ಜಾಗವನ್ನು ನಿರ್ಮಾಪಕ ಬೇರೆಯಾಗಿ ಮಾರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಅದರಲ್ಲಿ ಹೇಳಿತು. ಸಾಕುಪ್ರಾಣಿಗಳ ವಿಷಯವೂ ಚಿಕ್ಕದಲ್ಲ. ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು ೧೯೯೪ರಲ್ಲಿ ಮೂರು ಬೆಕ್ಕುಗಳ ಒಡತಿಯ ವಿರುದ್ಧ ಸಂಘದ ನಿಷೇಧವನ್ನು ಎತ್ತಿಹಿಡಿದಿತ್ತು. ಭಾರತದಲ್ಲಿ ಸಂಘಗಳು ಸಾಕುಪ್ರಾಣಿಗಳನ್ನು ಪೂರ್ಣವಾಗಿ ನಿಷೇಧಿಸುವಂತಿಲ್ಲ ಎಂಬುದು ಪ್ರಾಣಿ ಕಲ್ಯಾಣ ಮಂಡಳಿಯ ೨೦೧೫ರ ಮಾರ್ಗಸೂಚಿಯ ನಿಲುವು.

ಹಾವೇರಿ ಭಾಗದಲ್ಲಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂತಹ ಪಟ್ಟಣಗಳಲ್ಲಿ ಬಹುಮಹಡಿ ಸಮುಚ್ಚಯಗಳಿಗಿಂತ ನಿವೇಶನಗಳ ಬಡಾವಣೆಗಳೇ ಹೆಚ್ಚು. ವರದಾ ಮತ್ತು ತುಂಗಭದ್ರಾ ಸಂಗಮದ ಗಳಗನಾಥದಂತಹ ಗ್ರಾಮದಲ್ಲಿ ಮನೆಯೂ ನೆಲವೂ ಒಂದೇ ಉತಾರದಲ್ಲಿ ಒಂದೇ ಕುಟುಂಬದ ಹೆಸರಿನಲ್ಲಿರುವುದರಿಂದ ಮಾಲೀಕರ ಸಂಘದ ಪ್ರಶ್ನೆ ಏಳುವುದಿಲ್ಲ. ಪಟ್ಟಣದ ಅಂಚಿನ ಹೊಲವು ಬಿನ್‌ಶೇತ್ಕಿಯಾಗಿ ನಿವೇಶನಗಳಾದಾಗ ಅದು ಏಳುತ್ತದೆ. ಬಡಾವಣೆಯ ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಲಭ್ಯದ ನಿವೇಶನಗಳು ಸಂಘಕ್ಕಲ್ಲ, ಸ್ಥಳೀಯ ಸಂಸ್ಥೆಗೆ ಅಥವಾ ಯೋಜನಾ ಪ್ರಾಧಿಕಾರಕ್ಕೆ ಸೇರಬೇಕು. ಆದ್ದರಿಂದ ಇಲ್ಲಿ ವಕೀಲರು ಮೊದಲು ಕೇಳುವುದು ಅನುಮೋದಿತ ವಿನ್ಯಾಸ ನಕ್ಷೆ ಮತ್ತು ಆ ಜಾಗಗಳನ್ನು ಬಿಟ್ಟುಕೊಟ್ಟ ಪತ್ರವನ್ನು.

ಉದ್ಯಾನದ ಜಾಗ ಪರಭಾರೆಯಾದಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋಗಬಹುದೆಂಬುದನ್ನು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ (೧೯೯೧) ಸರ್ವೋಚ್ಚ ನ್ಯಾಯಾಲಯ ಸ್ಥಿರಪಡಿಸಿತು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ಅದರಲ್ಲಿ ರದ್ದಾಯಿತು. ಹಾವೇರಿ ಜಿಲ್ಲೆಯ ಇಂತಹ ರಿಟ್ ಅರ್ಜಿಗಳು ೨೦೦೮ರಲ್ಲಿ ಆರಂಭವಾಗಿ ೨೦೧೩ರಲ್ಲಿ ಕಾಯಂ ಆದ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬರುತ್ತವೆ.