ಸೇರುವುದು, ಸೇರಿಸುವುದು: ಒಪ್ಪಿಗೆಯಿಲ್ಲದ ಮನೋವೈದ್ಯಕೀಯ ದಾಖಲಾತಿ ಮತ್ತು 2017ರ ಕಾಯಿದೆ

ಆಸ್ಪತ್ರೆಗೆ 'ಸೇರಿದರು' ಎನ್ನುವುದಕ್ಕೂ 'ಸೇರಿಸಿದರು' ಎನ್ನುವುದಕ್ಕೂ ಕನ್ನಡದಲ್ಲಿ ಒಂದು ಪ್ರತ್ಯಯದ ಅಂತರ. ಜ್ವರ ಬಂದಾಗ, ಕಾಲು ಮುರಿದಾಗ ಈ ಅಂತರ ಯಾರನ್ನೂ ಕಾಡುವುದಿಲ್ಲ. ರೋಗಿಯ ಒಪ್ಪಿಗೆ ಅದರೊಳಗೇ ಸೇರಿರುತ್ತದೆ. ಮನೋರೋಗದ ವಿಷಯದಲ್ಲಿ ಮಾತ್ರ ಆ ಪ್ರತ್ಯಯವೇ ಕಾನೂನಿನ ಪ್ರಶ್ನೆಯಾಗುತ್ತದೆ: ಸೇರಿಸಿದವರು ಯಾರು, ಯಾರ ಮಾತಿನ ಮೇಲೆ, ಎಷ್ಟು ದಿನಕ್ಕೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮೂರಕ್ಕೂ ಉತ್ತರ ಕೊಡುತ್ತದೆ. ದುರುಪಯೋಗದ ಅಪಾಯ ಹೆಚ್ಚಾಗಿ ಉಳಿದಿರುವುದು ಎರಡನೆಯ ಉತ್ತರದಲ್ಲಿ ಎಂಬುದು ಈ ಲೇಖನದ ವಾದ.

ಹಿಂದಿನ 1987ರ ಕಾಯಿದೆಯ 19ನೇ ಕಲಂ ಪ್ರಕಾರ ಬಂಧು ಅಥವಾ ಸ್ನೇಹಿತರ ಅರ್ಜಿ ಮತ್ತು ಇಬ್ಬರು ವೈದ್ಯರ ಪ್ರಮಾಣಪತ್ರಗಳಿದ್ದರೆ 90 ದಿನಗಳವರೆಗೆ ಒಳಗಿಡಬಹುದಿತ್ತು. ತಂದೆತಾಯಿಯಿಂದ ಬೇರೆಯಾಗಿ ಬದುಕುತ್ತಿದ್ದ ವಯಸ್ಕ ಯುವತಿಯೊಬ್ಬಳನ್ನು ಅವರ ಇಚ್ಛೆಯಂತೆ ಬಲವಂತವಾಗಿ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದ್ದು ಕಾನೂನುಬಾಹಿರ ಎಂದು 2018ರಲ್ಲಿ ದೆಹಲಿ ಹೈಕೋರ್ಟ್ ತೀರ್ಪಿತ್ತದ್ದು ಆ ಹಳೆಯ ಕಾಯಿದೆಯ ಕಾಲದ ಪ್ರಕರಣದಲ್ಲಿಯೇ. ಅವಧಿಗೆ ಕಣ್ಗಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದು ಆ ಕಾಯಿದೆಗೂ ಮೊದಲೇ ಬಯಲಾಗಿತ್ತು. ಆಗ ಬಿಹಾರದಲ್ಲಿದ್ದ ಹಜಾರಿಬಾಗ್ ಜೈಲಿನಲ್ಲಿ 'ಬುದ್ಧಿಭ್ರಮಣೆ'ಯ ಹೆಸರಿನಲ್ಲಿ ಕೆಲವರು ಎರಡು ದಶಕಗಳಿಗೂ ಮಿಕ್ಕಿ ಕೊಳೆಯುತ್ತಿದ್ದುದು 1982ರ ವೀಣಾ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು.

ಹೊಸ ಕಾಯಿದೆ ಅವಧಿಯನ್ನು ಬಿಗಿಗೊಳಿಸಿದೆ. 89ನೇ ಕಲಮಿನ ಬೆಂಬಲಿತ ದಾಖಲಾತಿ, ಅಂದರೆ ರೋಗಿಯ ಬದಲು ಪ್ರತಿನಿಧಿಯ ಅರ್ಜಿಯ ಮೇಲೆ ಸೇರಿಸಿಕೊಳ್ಳುವುದು, ಗರಿಷ್ಠ 30 ದಿನ. ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ದಾಖಲಾದವರು ಹೆಣ್ಣಾದರೆ ಅಥವಾ ಅಪ್ರಾಪ್ತರಾದರೆ 3 ದಿನಗಳಲ್ಲಿ, ಉಳಿದವರಾದರೆ 7 ದಿನಗಳಲ್ಲಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು. ಸಮಾಜದ ನೈತಿಕ, ಸಾಂಸ್ಕೃತಿಕ, ರಾಜಕೀಯ ಮೌಲ್ಯಗಳಿಗೆ ಒಗ್ಗದಿರುವುದು ಮನೋರೋಗದ ಗುರುತಲ್ಲ ಎಂದು 3ನೇ ಕಲಂ ನೇರವಾಗಿಯೇ ಹೇಳುತ್ತದೆ. ಜಾತಿ ಮೀರಿ ಮದುವೆಯಾದವಳಿಗೆ 'ತಲೆ ಕೆಟ್ಟಿದೆ' ಎನ್ನುವ ಸಮಾಜದಲ್ಲಿ ಈ ವಾಕ್ಯದ ಬೆಲೆ ದೊಡ್ಡದು.

ಆದರೆ 89ನೇ ಕಲಮನ್ನು ಹತ್ತಿರದಿಂದ ಓದಬೇಕು. ತೀವ್ರ ಕಾಯಿಲೆಯ ಜೊತೆಗೆ ಅದು ಕೇಳುವುದು ಮೂರರಲ್ಲಿ ಒಂದನ್ನು: ತನಗೆ ತಾನೇ ಹಾನಿ ಮಾಡಿಕೊಳ್ಳುವ ಬೆದರಿಕೆ ಅಥವಾ ಯತ್ನ, ಇತರರ ಮೇಲೆ ಹಿಂಸೆ ಅಥವಾ ಅವರಲ್ಲಿ ದೈಹಿಕ ಹಾನಿಯ ಭಯ ಹುಟ್ಟಿಸುವುದು, ಅಪಾಯಕ್ಕೀಡಾಗುವಷ್ಟು ಮಟ್ಟಿಗೆ ತನ್ನನ್ನು ತಾನು ನೋಡಿಕೊಳ್ಳಲಾಗದಿರುವುದು. ಮೊದಲನೆಯದನ್ನೂ ಮೂರನೆಯದನ್ನೂ ರೋಗಿಯಲ್ಲೇ ನೋಡಿ ಅಳೆಯಲು ಸಾಧ್ಯ. 'ಭಯ' ಮಾತ್ರ ಇರುವುದು ಇನ್ನೊಬ್ಬರ ಎದೆಯಲ್ಲಿ. ವೈದ್ಯರಿಗೆ ಅದು ಸಿಗುವುದು ಆ ಇನ್ನೊಬ್ಬರ ಬಾಯಿಂದ.

ಆಸ್ತಿ ಪಾಲುಪಟ್ಟಿಗೆ ಸಹಿ ಹಾಕಲೊಲ್ಲದ ಅಕ್ಕನನ್ನು ತಮ್ಮ ಆಸ್ಪತ್ರೆಗೆ ಕರೆತಂದ ಎಂದುಕೊಳ್ಳೋಣ. "ರಾತ್ರಿ ಮಚ್ಚು ಹಿಡ್ಕೊಂಡು ನಿಂತಿದ್ಲು ಸಾರ್, ಮಕ್ಕಳು ಹೆದರಿಬಿಟ್ಟಿದಾರೆ" ಎನ್ನುತ್ತಾನೆ. ಅವಳು ಕೂಗಿದರೆ ಉದ್ರೇಕ, ಸುಮ್ಮನಿದ್ದರೆ ಖಿನ್ನತೆ, ತಮ್ಮನ ಮೇಲೆ ದೂರು ಹೇಳಿದರೆ ಸಂಶಯ ರೋಗ ಎಂದು ಬರೆದುಕೊಳ್ಳಲು ಜಾಗವಿದೆ. ಇಬ್ಬರು ಪರೀಕ್ಷಕರು ಬೇರೆಬೇರೆ ಕೂತರೂ ಇಬ್ಬರೂ ಕೇಳಿಸಿಕೊಳ್ಳುವುದು ಒಬ್ಬನದೇ ಕಥೆಯಾದರೆ ಪರೀಕ್ಷೆ ಎರಡಾದರೂ ಸಾಕ್ಷ್ಯ ಒಂದೇ.

ಇದರ ಜೊತೆಗೆ 14ನೇ ಕಲಮನ್ನು ಇಟ್ಟು ನೋಡಿದರೆ ತೊಡಕು ಇನ್ನಷ್ಟು ಸ್ಪಷ್ಟ. ಬೆಂಬಲಿತ ದಾಖಲಾತಿಗೆ ಅರ್ಜಿ ಹಾಕಬೇಕಾದವರು ನಾಮನಿರ್ದೇಶಿತ ಪ್ರತಿನಿಧಿ. ರೋಗಿ ಮೊದಲೇ ಯಾರನ್ನೂ ಹೆಸರಿಸದಿದ್ದರೆ ಆ ಸ್ಥಾನಕ್ಕೆ ಮೊದಲು ಬರುವವರು ಬಂಧುಗಳು. ನಿರ್ಧಾರಕ್ಕೆ ರೋಗಿಗೆ ಪೂರ್ಣ ಬೆಂಬಲ ಬೇಕಾದಾಗ ಚಿಕಿತ್ಸೆಗೆ ತಾತ್ಕಾಲಿಕ ಒಪ್ಪಿಗೆ ಕೊಡುವವರೂ ಅವರೇ. ಹೀಗೆ ಹೆದರಿದೆನೆಂದವನು, ಅರ್ಜಿದಾರ, ಒಪ್ಪಿಗೆ ಕೊಡುವವನು ಮೂವರೂ ಒಬ್ಬನೇ ಆಗಬಹುದು. ಮಂಡಳಿ ಪ್ರತಿನಿಧಿಯನ್ನು ಬದಲಿಸಬಲ್ಲದು. ಆದರೆ ಆ ಮನವಿ ಸಾಮಾನ್ಯವಾಗಿ ಹುಟ್ಟುವುದು ವಾರ್ಡಿನ ಬಾಗಿಲು ಮುಚ್ಚಿದ ಮೇಲೆ.

ಕುಟುಂಬವನ್ನು ಸಂಶಯದಿಂದಲೇ ನೋಡಬೇಕೆಂಬುದು ಇಲ್ಲಿನ ತಾತ್ಪರ್ಯವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೆ ದೂರದ ಜಿಲ್ಲೆಗಳಿಂದ ರೋಗಿಯ ಕೈಹಿಡಿದು ಬರುವವರು, ವಾರಗಟ್ಟಲೆ ಜೊತೆಗಿರುವವರು ಮನೆಯವರೇ. ಅವರನ್ನು ಹೊರಗಿಟ್ಟರೆ ಚಿಕಿತ್ಸೆಯೇ ನಿಂತೀತು. 2001ರಲ್ಲಿ ತಮಿಳುನಾಡಿನ ಏರ್ವಾಡಿಯ ಒಂದು ಖಾಸಗಿ ಆಶ್ರಯತಾಣದಲ್ಲಿ ಸಂಕೋಲೆ ಹಾಕಿಸಿಕೊಂಡಿದ್ದ ರೋಗಿಗಳು ಬೆಂಕಿಗೆ ಬಲಿಯಾದದ್ದು ಮರೆಯುವಂಥದ್ದಲ್ಲ: ಆಸ್ಪತ್ರೆಯ ಬಾಗಿಲು ತೀರಾ ಕಿರಿದಾದರೆ ಜನ ಕಾನೂನಿನ ಕಣ್ಣು ಬೀಳದ ಬಾಗಿಲನ್ನು ಹುಡುಕುತ್ತಾರೆ.

ಆದ್ದರಿಂದ ತಿದ್ದುಪಡಿ ಬೇಕಿರುವುದು ಬಾಗಿಲಿನ ಅಳತೆಯಲ್ಲಲ್ಲ, ಬಾಗಿಲಲ್ಲಿ ಕೇಳುವ ಪ್ರಶ್ನೆಗಳಲ್ಲಿ. ಕರೆತಂದವರಿಲ್ಲದೆ ರೋಗಿಯ ಮಾತನ್ನು ಪ್ರತ್ಯೇಕವಾಗಿ ಕೇಳಬೇಕು. ಯಾವ ಸಂಗತಿಯನ್ನು ವೈದ್ಯರು ಕಂಡರು, ಯಾವುದನ್ನು ಯಾರು ಹೇಳಿದರು ಎಂಬುದನ್ನು ಕಡತದಲ್ಲಿ ಬೇರೆಬೇರೆ ಬರೆಯಬೇಕು. ಅರ್ಜಿದಾರರಿಗೂ ರೋಗಿಗೂ ನಡುವೆ ಆಸ್ತಿ, ಮದುವೆ, ಮಕ್ಕಳ ವ್ಯಾಜ್ಯವಿದೆಯೇ ಎಂದು ವಿಚಾರಿಸಿ ಉತ್ತರವನ್ನು ಮಂಡಳಿಗೆ ಕಳಿಸಬೇಕು. ಇನ್ನೊಂದು ದಾರಿ ಕಾಯಿದೆಯಲ್ಲೇ ಇದೆ. ಪ್ರತಿನಿಧಿಯನ್ನು ಹೆಸರಿಸಲು ಬಿಳಿ ಹಾಳೆಯ ಮೇಲಿನ ಬರಹ, ಸಹಿ ಅಥವಾ ಹೆಬ್ಬೆಟ್ಟು ಸಾಕು. ಆ ಅಕ್ಕ ನಂಬುವ ಗೆಳತಿಯ ಹೆಸರು ಅಂಥದೊಂದು ಹಾಳೆಯಲ್ಲಿ ಮೊದಲೇ ಇದ್ದಿದ್ದರೆ, ಅರ್ಜಿ ಹಾಕುವ ಅಧಿಕಾರ ತಮ್ಮನಿಗೆ ದಕ್ಕುತ್ತಿರಲಿಲ್ಲ.