ಬೀರುವಿನ ಲೆನ್ಸೂ ಮೊದಲ ಡಿಜಿಟಲ್ಲೂ

2004ರಲ್ಲಿ ಶಿವಮೊಗ್ಗದ ಮದುವೆ ಫೋಟೊಗ್ರಾಫರುಗಳು ನಾವು ನಾಲ್ಕು ಜನ ಸೇರಿದರೆ ಒಂದೇ ಮಾತು: ಕ್ಯಾನನ್ನೋ, ನಿಕಾನೋ? ಅದಕ್ಕೆ ಮುಂಚೆ ಡಿಜಿಟಲ್ ಎಸ್‌ಎಲ್‌ಆರ್ ನಮ್ಮ ಕೈಗೆಟುಕುವ ಸಾಮಾನೇ ಅಲ್ಲ. 1991ರಲ್ಲಿ ಕೊಡಾಕ್, ನಿಕಾನ್ ಎಫ್3 ಬಾಡಿಗೆ 1.3 ಮೆಗಾಪಿಕ್ಸೆಲ್ ಸೆನ್ಸರ್ ಕೂರಿಸಿ ಡಿಸಿಎಸ್ ತಂದಾಗ, ಫೋಟೊ ತುಂಬಿಕೊಳ್ಳುವ ಪೆಟ್ಟಿಗೆಯನ್ನು ಬೇರೆಯಾಗಿ ಹೆಗಲಿಗೆ ಹಾಕಿಕೊಳ್ಳಬೇಕಿತ್ತು. 1999ರ ನಿಕಾನ್ ಡಿ1 ಪತ್ರಿಕೆಯವರಿಗೆ ಸರಿ, 2.7 ಮೆಗಾಪಿಕ್ಸೆಲ್‌ಗೆ ಸುಮಾರು 5,000 ಡಾಲರ್ ಸುರಿದರೆ ಯಾವ ಮದುವೆ ಪಾರ್ಟಿ ತುಂಬಿಕೊಟ್ಟೀತು? 2003ರಲ್ಲಿ ಕ್ಯಾನನ್ 300ಡಿ 1,000 ಡಾಲರಿನ ಒಳಗೆ ಬಂತು, 6.3 ಮೆಗಾಪಿಕ್ಸೆಲ್. ಮರುವರ್ಷ ನಿಕಾನ್ ಡಿ70.

ಅಂಗಡಿಯವರು ಮೆಗಾಪಿಕ್ಸೆಲ್ ಎಣಿಸುತ್ತಿದ್ದರು. ನಾವು ಬೀರು ತೆಗೆದು ಲೆನ್ಸ್ ನೋಡುತ್ತಿದ್ದೆವು. ಯಾಷಿಕಾದವರಿಗೆ ಚಿಂತೆಯೇ ಇಲ್ಲ, ಅವರ ಲೆನ್ಸ್ ಕೂರುವ ಡಿಜಿಟಲ್ ಬಾಡಿಯನ್ನು ಕಂಪನಿ ಮಾಡಲೇ ಇಲ್ಲ. ಕ್ಯಾನನ್ 1987ರಲ್ಲೇ ಲೆನ್ಸ್ ಕೂರುವ ಮೌಂಟ್ ಬದಲಿಸಿ ಹಳೆಯ ಎಫ್‌ಡಿ ಲೆನ್ಸಿನವರ ಕೈಬಿಟ್ಟಿತ್ತು. ನಿಕಾನ್ ಮಾತ್ರ 1959ರ ಎಫ್ ಮೌಂಟನ್ನೇ ಹಿಡಿದುಕೊಂಡಿತ್ತು. ನನ್ನ ಬೀರುವಿನಲ್ಲಿದ್ದದ್ದು ನಿಕಾನಿನ ರೀಲ್ ಕ್ಯಾಮೆರಾ ಎಫ್‌ಎಂ10, ಅದರ ಜೊತೆ ಬಂದ 35-70 ಲೆನ್ಸ್. ಹಾಗಾಗಿ ಡಿ70. ಮೊದಲು ಬಾಡಿ, ಸೀಜನ್ ಮುಗಿದ ಮೇಲೆ 18-70 ಲೆನ್ಸ್ ಎಂದು ಲೆಕ್ಕ ಹಾಕಿಯೇ ಇಳಿದೆ.

ಹಳೆಯ ಲೆನ್ಸ್ ಟಕ್ಕೆಂದು ಕೂತಿತು. ಮೀಟರ್ ಮಾತ್ರ ಏಳಲಿಲ್ಲ. ಚಿಪ್ ಇಲ್ಲದ ಲೆನ್ಸಿಗೆ ಡಿ70 ಬೆಳಕು ಅಳೆಯುವುದಿಲ್ಲ. ಮ್ಯಾನುಯಲ್‌ಗೆ ಇಟ್ಟು ಒಂದು ಹೊಡೆಯುವುದು, ಹಿಂದಿನ ಪರದೆ ನೋಡುವುದು, ಅಪರ್ಚರ್ ರಿಂಗ್ ತಿರುಗಿಸಿ ಮತ್ತೊಂದು ಹೊಡೆಯುವುದು. ಫ್ಲಾಶಿನ ಬೆನ್ನಿನ ಚಾರ್ಟ್ ನೋಡಿ ರೀಲಿನಲ್ಲಿ ಹೊಡೆದ ಕೈಗೆ ಅದೇನು ಮಹಾ. ತಾಪತ್ರಯ ಇದ್ದದ್ದು ಗ್ರೂಪ್ ಫೋಟೊದಲ್ಲಿ. ಸೆನ್ಸರ್ ಫಿಲ್ಮಿಗಿಂತ ಚಿಕ್ಕದಾದ್ದರಿಂದ 35 ಎಂಎಂಗೆ ಇಟ್ಟ ಲೆನ್ಸು 52 ಎಂಎಂನಷ್ಟೇ ಅಗಲ ತೋರಿಸುತ್ತಿತ್ತು. ಛತ್ರದ ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿದರೂ ಗಂಡಿನ ಸೋದರಮಾವ ಫ್ರೇಮಿನ ಹೊರಗೇ. "ಏನಪ್ಪಾ, ನಾವು ಬೀಗರಲ್ಲವೋ?" ಅನ್ನುವವರಿಗೆ ಸೆನ್ಸರ್ ಅಳತೆ ಹೇಳಿ ಏನು ಪ್ರಯೋಜನ! ಅವರನ್ನು ಎರಡು ಸಾಲು ಮಾಡಿ, ಮುಂದಿನವರನ್ನು ಕುರ್ಚಿಯಲ್ಲಿ ಕೂರಿಸಿ ಆ ಸೀಜನ್ ದಾಟಿಸಿದೆ.

2018ರಲ್ಲಿ ನಿಕಾನ್ ಕೂಡ ಮಿರರ್‌ಲೆಸ್‌ಗೆಂದು ಝಡ್ ಮೌಂಟ್ ತಂದಿತು. ಡಿಎಸ್‌ಎಲ್‌ಆರ್ ಈಗ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ಮೊದಲ ಕ್ಯಾಮೆರಾ ಹುಡುಕುತ್ತಿರುವವರು ಮನೆಯ ಬೀರುವನ್ನೂ ಒಮ್ಮೆ ತಡಕಿ. ಅಪ್ಪನದೋ ಮಾವನದೋ, ನನ್ನ 35-70ರಂತೆ ಚಿಪ್ ಇಲ್ಲದ ಹಳೆಯ ನಿಕಾನ್ ಎಐ ಲೆನ್ಸ್ ಸಿಕ್ಕಿದರೆ ಡಿ7000 ವಿಚಾರಿಸಿ. ಅದರಲ್ಲಿ ಮೀಟರ್ ಕೆಲಸ ಮಾಡುತ್ತದೆ.