ತಂಪು ನಾಡಿನ ಸಿರಾ: ದುಬಾರಿ ಬೆಟ್ಟದ ನೆರೆಯಲ್ಲಿ ಅಗ್ಗದ ಉತ್ತಮ ವೈನ್

ಫ್ರಾನ್ಸಿನ ಆಗ್ನೇಯ ಭಾಗದಲ್ಲಿ, ರೋನ್ ನದಿಯ ಎಡದಂಡೆಯ ಮೇಲೆ ಎರ್ಮಿಟಾಜ್ ಎಂಬ ಬೆಟ್ಟವಿದೆ. ಅದರ ಮೇಲಿನ ದ್ರಾಕ್ಷಿ ತೋಟಗಳ ವಿಸ್ತೀರ್ಣ ಸುಮಾರು 140 ಹೆಕ್ಟೇರ್ ಮಾತ್ರ. ಈ ಪುಟ್ಟ ಬೆಟ್ಟದ ಕೆಂಪು ವೈನ್ ಜಗತ್ತಿನ ದುಬಾರಿ ವೈನ್‌ಗಳ ಸಾಲಿನಲ್ಲಿ ಸ್ಥಾನ ಪಡೆದಿದೆ. ಅದೇ ಬೆಟ್ಟವನ್ನು ಸುತ್ತುವರಿದಿರುವ ಕ್ರೋಜ್-ಎರ್ಮಿಟಾಜ್ ಪ್ರದೇಶದಲ್ಲಿ 1,700 ಹೆಕ್ಟೇರ್‌ಗೂ ಅಧಿಕ ತೋಟಗಳಿವೆ. ತಳಿ ಅದೇ, ನದಿ ಅದೇ, ಬೀಸುವ ಗಾಳಿಯೂ ಅದೇ. ಆದರೆ ಬಾಟಲಿಯ ಬೆಲೆ ಮಾತ್ರ ಬೆಟ್ಟದ ವೈನಿಗಿಂತ ಬಹುಪಾಲು ಕಡಿಮೆ. ಎರಡೂ ಕಡೆ ಬೆಳೆಯುವ ಆ ತಳಿಯ ಹೆಸರು ಸಿರಾ. ತಂಪು ಹವೆಯ ಉತ್ತಮ ಸಿರಾವನ್ನು ಮಿತವಾದ ಬೆಲೆಗೆ ಹುಡುಕುವವರು ಹೆಸರಾಂತ ಬೆಟ್ಟಕ್ಕಿಂತ ಅದರ ನೆರೆಹೊರೆಯನ್ನು ನೋಡುವುದು ಲಾಭಕರ.

ಹೆಸರಿನ ಹಿನ್ನೆಲೆ

ಸಿರಾ ತಳಿಯು ಪರ್ಷಿಯಾದ ಶಿರಾಜ್ ನಗರದಿಂದ ಬಂದಿತೆಂಬ ಕಥೆ ಬಹುಕಾಲ ಪ್ರಚಲಿತವಾಗಿತ್ತು. 1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಹಾಗೂ ಫ್ರಾನ್ಸಿನ ವಿಜ್ಞಾನಿಗಳು ನಡೆಸಿದ ಡಿಎನ್‌ಎ ಪರೀಕ್ಷೆ ಆ ಕಥೆಗೆ ತೆರೆ ಎಳೆಯಿತು. ದುರೆಜಾ ಮತ್ತು ಮೊಂಡೂಸ್ ಬ್ಲಾಂಶ್ ಎಂಬ ಎರಡು ಫ್ರೆಂಚ್ ತಳಿಗಳ ಸಂಕರದಿಂದ ಸಿರಾ ಹುಟ್ಟಿದೆ ಎಂಬುದು ಆ ಪರೀಕ್ಷೆಯಿಂದ ಖಚಿತವಾಯಿತು.

1832ರಲ್ಲಿ ಜೇಮ್ಸ್ ಬಸ್ಬಿ ಆಸ್ಟ್ರೇಲಿಯಾಕ್ಕೆ ಒಯ್ದ ದ್ರಾಕ್ಷಿ ಕಡ್ಡಿಗಳಲ್ಲಿ ಈ ತಳಿಯೂ ಇತ್ತು. ಅಲ್ಲಿ ಅದು ಶಿರಾಜ್ ಎಂದು ಪ್ರಸಿದ್ಧವಾಯಿತು. ಸಸ್ಯ ಒಂದೇ ಆದರೂ ಇಂದು ಈ ಎರಡು ಹೆಸರುಗಳು ಎರಡು ರುಚಿಗಳ ಸೂಚಕಗಳಾಗಿವೆ. ಬಿಸಿ ನಾಡಿನ ಮಾಗಿದ ಹಣ್ಣಿನ ದಟ್ಟ ವೈನಿಗೆ ಸಾಮಾನ್ಯವಾಗಿ ಶಿರಾಜ್ ಎಂದೂ, ತಂಪು ನಾಡಿನ ಹಗುರ, ಘಾಟುಭರಿತ ವೈನಿಗೆ ಸಿರಾ ಎಂದೂ ತಯಾರಕರು ಬರೆಯುವುದುಂಟು. ಇದು ಕಾನೂನಲ್ಲ, ರೂಢಿ ಮಾತ್ರ.

ಚಳಿ ಮಾಡುವ ಕೆಲಸ

ತಂಪು ಪ್ರದೇಶದಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ. ಸಕ್ಕರೆ ಮಿತವಾಗಿ ಏರುತ್ತದೆ, ಹುಳಿ ಉಳಿಯುತ್ತದೆ. ಬಿಸಿ ನಾಡಿನ ಶಿರಾಜ್‌ನಲ್ಲಿ ಮದ್ಯಸಾರ ಶೇ. 14.5 ದಾಟುವುದು ಸಾಮಾನ್ಯವಾದರೆ, ತಂಪು ನಾಡಿನ ಸಿರಾದಲ್ಲಿ ಅದು ಬಹುಮಟ್ಟಿಗೆ ಶೇ. 12.5ರಿಂದ 13.5ರ ಆಸುಪಾಸಿನಲ್ಲಿರುತ್ತದೆ.

ಇಂತಹ ವೈನಿನ ಗುರುತು ಕಾಳುಮೆಣಸಿನ ಘಮ. ಇದು ಕೇವಲ ಹೋಲಿಕೆಯ ಮಾತಲ್ಲ. ಈ ಘಮಕ್ಕೆ ಕಾರಣವಾದ ರೋಟಂಡೋನ್ ಎಂಬ ಸಂಯುಕ್ತವನ್ನು ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿ, 2008ರಲ್ಲಿ ವರದಿ ಪ್ರಕಟಿಸಿದರು. ಕೊಡಗು, ಮಲೆನಾಡುಗಳಲ್ಲಿ ಬೆಳೆಯುವ ಕಾಳುಮೆಣಸಿನ ಪರಿಮಳದಲ್ಲಿರುವುದೂ ಇದೇ ಸಂಯುಕ್ತ. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ 16 ಭಾಗದಷ್ಟಿದ್ದರೂ ಮೂಗಿಗೆ ಅದು ಗೊತ್ತಾಗುತ್ತದೆ. ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಪ್ರಮಾಣ ಎಷ್ಟೇ ಹೆಚ್ಚಿದ್ದರೂ ಈ ಘಮ ತಿಳಿಯುವುದೇ ಇಲ್ಲ. ತಂಪಾದ ವರ್ಷಗಳಲ್ಲಿ, ತಂಪಾದ ತೋಟಗಳಲ್ಲಿ ರೋಟಂಡೋನ್ ಅಧಿಕವಾಗಿರುತ್ತದೆ.

ಬೆಲೆಯ ಗುಟ್ಟು

ರೋನ್ ಕಣಿವೆಯ ಉತ್ತರ ಭಾಗದಲ್ಲಿ ಕೋಟ್-ರೋಟಿ, ಎರ್ಮಿಟಾಜ್, ಕೊರ್ನಾಸ್ ಎಂಬ ಮೂರು ಹೆಸರುಗಳು ಪ್ರಖ್ಯಾತ. ಮೂರೂ ಕಡಿದಾದ ಇಳಿಜಾರುಗಳು. ಯಂತ್ರಗಳು ಏರಲಾರವು, ಹೆಚ್ಚಿನ ಕೆಲಸ ಕೈಯಿಂದಲೇ ಆಗಬೇಕು. ನೆಲ ಕಡಿಮೆ, ಬೇಡಿಕೆ ಹೆಚ್ಚು. ಬೆಲೆಯಲ್ಲಿ ಒಂದು ಪಾಲು ಈ ಶ್ರಮದ್ದು, ಮತ್ತೊಂದು ಪಾಲು ಹೆಸರಿನದು.

ಕ್ರೋಜ್-ಎರ್ಮಿಟಾಜ್‌ನ ಬಹುಭಾಗ ಸಮತಟ್ಟಾದ ಜಲ್ಲಿ ನೆಲವಾದ್ದರಿಂದ ಬೇಸಾಯದ ಖರ್ಚು ಕಡಿಮೆ. 1933ರಲ್ಲಿ ಸ್ಥಾಪನೆಯಾದ ಕಾವ್ ದ ತ್ಯಾಂ ಸಹಕಾರ ಸಂಘ ಇಲ್ಲಿನ ದೊಡ್ಡ ಉತ್ಪಾದಕ. ಈ ಪ್ರದೇಶದ ಉತ್ತರ ತುದಿಯ ಗ್ರಾನೈಟ್ ಗುಡ್ಡಗಳ ವೈನ್ ಎರ್ಮಿಟಾಜ್ ಬೆಟ್ಟದ ಗುಣಕ್ಕೆ ಹತ್ತಿರ ಬರುತ್ತದೆ. ನದಿಯ ಎದುರು ದಂಡೆಯಲ್ಲಿ 1956ರಲ್ಲಿ ಮಾನ್ಯತೆ ಪಡೆದ ಸೇಂ-ಜೋಸೆಫ್ ಪ್ರದೇಶವೂ ಇದೇ ಸಾಲಿಗೆ ಸೇರುತ್ತದೆ.

ಇನ್ನೂ ಅಗ್ಗದ ಆಯ್ಕೆ ಎಂದರೆ ಕೊಲಿನ್ ರೊಡಾನಿಯೆನ್ ಎಂಬ ಹೆಸರಿನ ವೈನ್. ಪ್ರಸಿದ್ಧ ಪ್ರದೇಶಗಳ ಗಡಿಯಾಚೆಗಿನ ತೋಟಗಳ ಹಣ್ಣನ್ನು, ಎಳೆಯ ಬಳ್ಳಿಗಳ ಫಸಲನ್ನು ಅಲ್ಲಿನ ಹೆಸರಾಂತ ಬೆಳೆಗಾರರೇ ಈ ಹೆಸರಿನಲ್ಲಿ ಮಾರುತ್ತಾರೆ. ವಿಯೆನ್ ಪಟ್ಟಣದ ಬಳಿಯ ಸೆಸ್ಯುಯೆಲ್ ಇಳಿಜಾರು ಇದಕ್ಕೆ ಉದಾಹರಣೆ. ರೋಮನ್ನರ ಕಾಲದಲ್ಲೇ ಹೆಸರಾಗಿದ್ದ ಇಲ್ಲಿನ ತೋಟಗಳು 19ನೇ ಶತಮಾನದಲ್ಲಿ ಫಿಲಾಕ್ಸೆರಾ ಕೀಟದ ಹಾವಳಿಯಿಂದ ನಾಶವಾದವು. ಈವ್ ಕ್ವಿಲೆರೋನ್, ಪಿಯೆರ್ ಗಯಾರ್, ಫ್ರಾಂಸ್ವಾ ವಿಲಾರ್ ಎಂಬ ಮೂವರು ಬೆಳೆಗಾರರು 1996ರಿಂದ ಅಲ್ಲಿ ಮತ್ತೆ ಬಳ್ಳಿ ನೆಟ್ಟರು. ಇಂದು ಸೆಸ್ಯುಯೆಲ್ ವೈನ್ ಸಹ ದುಬಾರಿಯಾಗಿದೆ. ಉಳಿದ ಕೊಲಿನ್ ರೊಡಾನಿಯೆನ್ ಸಿರಾ ಇನ್ನೂ ಕೈಗೆಟಕುವಂತಿದೆ.

ದಕ್ಷಿಣ ಗೋಳಾರ್ಧದಲ್ಲಿ

ನ್ಯೂಜಿಲೆಂಡಿನ ಹಾಕ್ಸ್ ಬೇ ಪ್ರಾಂತ್ಯದಲ್ಲಿ 1867ರ ಪ್ರವಾಹದಿಂದ ನದಿಯೊಂದು ಪಾತ್ರ ಬದಲಿಸಿತು. ಆಗ ತೆರೆದುಕೊಂಡ ಸುಮಾರು 800 ಹೆಕ್ಟೇರ್ ಜಲ್ಲಿ ನೆಲ ಹುಲ್ಲೂ ಸರಿಯಾಗಿ ಬೆಳೆಯದ ಬರಡು ಎನಿಸಿಕೊಂಡಿತ್ತು. ಆ ಜಲ್ಲಿ ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಿಡುವುದರಿಂದ ತಂಪು ಹವೆಯಲ್ಲೂ ಸಿರಾ ಮಾಗುತ್ತದೆ. 1980ರ ದಶಕದಲ್ಲಿ ಅಲನ್ ಲಿಮ್ಮರ್ ಅವರು ಟೆ ಕೌವಾಟಾ ಸಂಶೋಧನಾ ಕೇಂದ್ರದಲ್ಲಿ ಉಳಿದಿದ್ದ ಹಳೆಯ ಬಳ್ಳಿಗಳ ಕಡ್ಡಿ ತಂದು ನೆಟ್ಟು ಈ ತಳಿಗೆ ಅಲ್ಲಿ ಮರುಜೀವ ನೀಡಿದರು. ಆಸ್ಟ್ರೇಲಿಯಾದ ಗ್ರ್ಯಾಂಪಿಯನ್ಸ್, ಯಾರಾ ಕಣಿವೆ ಮತ್ತು ಕ್ಯಾನ್‌ಬೆರಾ ಪ್ರದೇಶಗಳೂ ಮೆಣಸಿನ ಘಮದ ವೈನಿಗೆ ಹೆಸರಾಗಿವೆ.

ಭಾರತದ ಗ್ರಾಹಕರಿಗೆ

ಫ್ರಾನ್ಸಿನಲ್ಲಿ ಅಗ್ಗವಾದ ಬಾಟಲಿ ಬೆಂಗಳೂರಿನಲ್ಲಿ ಅಗ್ಗವಾಗಿ ಉಳಿಯುವುದಿಲ್ಲ. ಆಮದು ವೈನಿನ ಮೇಲೆ ಬಹುಕಾಲ ಶೇ. 150ರಷ್ಟು ಸೀಮಾಸುಂಕವಿದ್ದು, ರಾಜ್ಯದ ಅಬಕಾರಿ ತೆರಿಗೆ ಅದಕ್ಕೆ ಸೇರುತ್ತಿತ್ತು. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ಒಪ್ಪಂದದ ಪ್ರಕಾರ, ಬಾಟಲಿಗೆ 5 ಡಾಲರ್‌ಗಿಂತ ಹೆಚ್ಚಿನ ಆಮದು ಬೆಲೆಯ ಆಸ್ಟ್ರೇಲಿಯನ್ ವೈನಿನ ಸುಂಕ ಶೇ. 100ಕ್ಕೆ ಇಳಿಯಿತು, ಹತ್ತು ವರ್ಷಗಳಲ್ಲಿ ಅದು ಶೇ. 50ಕ್ಕೆ ಇಳಿಯಬೇಕಿದೆ. 15 ಡಾಲರ್ ಮೀರಿದ್ದಕ್ಕೆ ಸುಂಕ ಇನ್ನೂ ಕಡಿಮೆ. ಆದ್ದರಿಂದ ತಂಪು ಪ್ರದೇಶದ ಆಸ್ಟ್ರೇಲಿಯನ್ ಬಾಟಲಿಗಳನ್ನು ಗಮನಿಸುವುದು ಸೂಕ್ತ. ನಂದಿ ಬೆಟ್ಟದ ತಪ್ಪಲಲ್ಲೂ ಇದೇ ತಳಿಯನ್ನು ಶಿರಾಜ್ ಹೆಸರಿನಲ್ಲಿ ಬೆಳೆಯಲಾಗುತ್ತಿದೆ. ಆದರೆ ಅದು ಬಿಸಿಲ ನಾಡಿನ ರುಚಿ.

ಕೊಳ್ಳುವಾಗ ಚೀಟಿಯ ಮೇಲಿನ ಮೂರು ಅಂಶಗಳನ್ನು ನೋಡಬೇಕು: ಪ್ರದೇಶದ ಹೆಸರು, ಮದ್ಯಸಾರದ ಪ್ರಮಾಣ, ಕೊಯ್ಲಿನ ವರ್ಷ. ವರ್ಷಕ್ಕೆ ಈಗ ಮೊದಲಿಗಿಂತ ಹೆಚ್ಚಿನ ಮಹತ್ವ ಬಂದಿದೆ. 2003ರ ಬಿಸಿಗಾಳಿಯ ನಂತರ ಯುರೋಪಿನಲ್ಲಿ ಸುಡುಬೇಸಿಗೆಗಳು ಪದೇ ಪದೇ ಮರುಕಳಿಸಿದ್ದು, ರೋನ್ ಕಣಿವೆಯ ತಂಪನ್ನು ಶಾಶ್ವತವೆಂದು ನಂಬುವಂತಿಲ್ಲ. ತಂದ ಬಾಟಲಿಯನ್ನು ನಮ್ಮ ಕೋಣೆಯ ಬಿಸಿಯಲ್ಲೇ ತೆರೆಯದೆ, ಫ್ರಿಜ್‌ನಲ್ಲಿಟ್ಟು 15-16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಬಡಿಸಿದರೆ ಮೆಣಸಿನ ಘಮ ಸ್ಪಷ್ಟವಾಗಿ ಹೊಮ್ಮುತ್ತದೆ.